ನಾಯಿಗೆ ಬೇಕಾದದ್ದು ಅಮ್ಮನಿಗೆ ಬೇಡವೆ?

"ಯಾಕೆ ಬೇಕಿತ್ತು?" ಎಂಬ ಪ್ರಶ್ನೆಯನ್ನು ನಮ್ಮ ಸಮಾಜ ಹೆಂಗಸರಿಗಾಗಿಯೇ ಎತ್ತಿಟ್ಟುಕೊಂಡಿದೆ. ಗಂಡಸು ಕ್ಲಬ್ಬಿನಲ್ಲಿ ಇಸ್ಪೀಟು ಆಡಿ ರಾತ್ರಿ ಹನ್ನೊಂದಕ್ಕೆ ಮನೆಗೆ ಬಂದರೆ "ಊಟಕ್ಕೆ ಬಡಿಸಲೆ?" ಎಂದು ಕೇಳುತ್ತೇವೆ. ಅದೇ ಹೆಂಗಸು ಸಂಜೆ ಐದಕ್ಕೆ ಕೆರೆ ಏರಿಯ ಮೇಲೆ ಒಂದು ಸುತ್ತು ಹೋಗಿ ಬರಲಿ, ಮನೆಯವರಿಗಷ್ಟೇ ಅಲ್ಲ, ಎದುರುಮನೆಯವರಿಗೂ ಲೆಕ್ಕ ಒಪ್ಪಿಸಬೇಕು. ದೇವಸ್ಥಾನಕ್ಕೆ ಹೋಗಿದ್ದೆ ಎಂದರೆ ಸರಿ. ತರಕಾರಿ ತರಲು ಎಂದರೂ ಸರಿ. ಶುಗರ್ ಇದೆ, ಡಾಕ್ಟರು ನಡೆಯಲು ಹೇಳಿದ್ದಾರೆ ಎಂದರೆ ಇನ್ನೂ ಸರಿ. ಕಾಯಿಲೆ ಒಂದು ಒಳ್ಳೆಯ ರಹದಾರಿ. "ಸುಮ್ಮನೆ ಹೋಗಿದ್ದೆ" ಎಂದಿರೋ, ಕೇಳಿದವರ ಹುಬ್ಬು ಮೇಲೇರುತ್ತದೆ.

ನಾನು ಈ ಪ್ರಶ್ನೆಯನ್ನು ಸಗಟಾಗಿ ಎದುರಿಸಿದ್ದು 2023ರ ಮಾರ್ಚ್ ತಿಂಗಳಲ್ಲಿ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಒಂದು ಭಾನುವಾರ ಅವಳ ಜೊತೆ, ಅವಳ ನಾಯಿಯ ಜೊತೆ, ಹಿಮ ಮುಚ್ಚಿದ ಬೆಟ್ಟವೊಂದನ್ನು ಹತ್ತಿದೆ. ಮಗಳು ತೆಗೆದ ಫೋಟೊ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಬಿತ್ತು. ಅರವತ್ತೆರಡು ವರ್ಷದ ನಾನು, ಸೀರೆಯಿಲ್ಲ, ದಪ್ಪ ಪ್ಯಾಂಟು, ಕಿವಿ ಮುಚ್ಚುವ ಟೋಪಿ, ಕಾಲಿಗೆ ಮೊರ ಕಟ್ಟಿಕೊಂಡಂತೆ ಏನೋ ಒಂದು. ಪಕ್ಕದಲ್ಲಿ ಕೆಂಪು ಅಂಗಿ ತೊಟ್ಟ ಕರಿಯ ಎಂಬ ನಾಯಿ. ಸಾಗರದಿಂದ ನಾದಿನಿಯ ಮಾತು ಮೊದಲು ಬಂತು: "ಅತ್ತಿಗೆ, ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಬೇಕಿತ್ತು?" ಆಮೇಲೆ ಚಿಕ್ಕಪ್ಪನ ಮಗ, ಆಮೇಲೆ ನನ್ನ ಹಳೆಯ ಸಹೋದ್ಯೋಗಿ, ಸಾಲಾಗಿ. ಒಬ್ಬರು ನಾಯಿಯ ಪರವಾಗಿ ವಕಾಲತ್ತು ವಹಿಸಿ "ಪಾಪ, ಅದಕ್ಕಾದರೂ ಯಾಕೆ ಶಿಕ್ಷೆ" ಎಂದರು. ಅವರ ಮಾತಿಗೆ ಆಮೇಲೆ ಬರುತ್ತೇನೆ. ಅದರಲ್ಲಿ ಸ್ವಲ್ಪ ಹುರುಳಿದೆ.

ಒಂದು ಮಾತು ಗಮನಿಸಿ. ಇದೇ ಮಗಳ ಮನೆಗೆ 2017ರಲ್ಲಿ ನಾನು ಬಾಣಂತನಕ್ಕೆ ಹೋದಾಗ ಯಾರೂ "ಯಾಕೆ ಬೇಕಿತ್ತು" ಎನ್ನಲಿಲ್ಲ. ಶುಂಠಿ, ಮೆಂತ್ಯ, ಅಂಟಿನುಂಡೆ, ಒಣಕೊಬ್ಬರಿ, ಕೂಸಿನ ಟೋಪಿಗಳನ್ನು ಎರಡು ಸೂಟ್‌ಕೇಸಿಗೆ ತುರುಕಿ, ಮೊಣಕಾಲು ನೋವಿಗೆ ಎಣ್ಣೆ ಸುತ್ತಿಟ್ಟುಕೊಂಡು, ಎರಡು ವಿಮಾನ ಬದಲಿಸಿ, ಭಾಷೆ ಬಾರದ ಊರಿನ ಕೊರೆಯುವ ಚಳಿಗೆ ಒಬ್ಬಳೇ ಹೊರಟವಳನ್ನು "ಪುಣ್ಯವಂತೆ" ಎಂದು ಹರಸಿ ಕಳಿಸಿದರು. ಆಗ ನನ್ನ ವಯಸ್ಸು, ಮಂಡಿ, ಚಳಿ ಯಾವುದೂ ಯಾರಿಗೂ ನೆನಪಾಗಲಿಲ್ಲ. ಅದೇ ಮಂಡಿ ಬೆಟ್ಟಕ್ಕೆ ಹೊರಟಾಗ ಮಾತ್ರ ಊರಿಗೆಲ್ಲ ಚಿಂತೆಯಾಯಿತು.

ಬಾಣಂತನಕ್ಕೆ ಹೋದ ತಾಯಂದಿರ ಕಥೆ ನಿಮಗೆ ಗೊತ್ತು. ನಿಮ್ಮ ಬೀದಿಯಲ್ಲೇ ಮೂವರಾದರೂ ಇದ್ದಾರು. ಸಂದರ್ಶಕರ ವೀಸಾದಲ್ಲಿ ಸಾಮಾನ್ಯವಾಗಿ ಆರು ತಿಂಗಳು ಇರಗೊಡುತ್ತಾರೆ. ಅದರಲ್ಲಿ ಒಂದು ದಿನವೂ ನಷ್ಟವಾಗದಂತೆ ಮೊದಲು ಹೆಣ್ಣಿನ ತಾಯಿ, ಅವರು ಹಿಂದಿರುಗುವ ಹೊತ್ತಿಗೆ ಗಂಡಿನ ತಾಯಿ ಎಂದು ಪಾಳಿ ಹಾಕಿರುತ್ತಾರೆ. ಕೂಸು ಚಳಿಗಾಲದಲ್ಲಿ ಹುಟ್ಟಿತೆಂದರೆ ಮುಗಿಯಿತು. ನಾನು ನವೆಂಬರಿನಲ್ಲಿ ಹೋಗಿ ಏಪ್ರಿಲಿನಲ್ಲಿ ಬಂದೆ. ಆ ಐದು ತಿಂಗಳಲ್ಲಿ ಮನೆಯ ಬಾಗಿಲು ದಾಟಿದ್ದೆಂದರೆ ಕಾರು ಹತ್ತುವುದಕ್ಕೆ: ಆಸ್ಪತ್ರೆ, ಅಂಗಡಿ, ಎರಡು ಸಲ ದೇವಸ್ಥಾನ, ಒಂದು ನಾಮಕರಣದ ಹಾಲ್. ಬೆಚ್ಚಗಿನ ಮನೆಯಿಂದ ಬೆಚ್ಚಗಿನ ಕಾರಿಗೆ, ಅಲ್ಲಿಂದ ಬೆಚ್ಚಗಿನ ಅಂಗಡಿಗೆ. ಹಿಮ ಬೀಳುವುದನ್ನು ಸಿಂಕಿನ ಮೇಲಿನ ಕಿಟಕಿಯಿಂದ ನೋಡಿದೆ. ಯಾರೂ ನನ್ನನ್ನು ಕೂಡಿಹಾಕಿರಲಿಲ್ಲ. ಮಗಳೂ ಅಳಿಯಂದಿರೂ ಬಂಗಾರದಂಥವರು. ಅಮ್ಮ ಹೊರಗೆ ಹೋಗಬಯಸಬಹುದು ಎಂಬ ಯೋಚನೆ ಮಾತ್ರ ಆ ಮನೆಯಲ್ಲಿ ಯಾರಿಗೂ ಬಂದಿರಲಿಲ್ಲ.

2023ರ ಜನವರಿಯಲ್ಲಿ ಮತ್ತೆ ಹೋದಾಗ ಮನೆಗೆ ನಾಯಿ ಬಂದಿತ್ತು. ಅನಾಥ ನಾಯಿಗಳನ್ನು ಇಟ್ಟುಕೊಳ್ಳುವ ಕಡೆಯಿಂದ ತಂದದ್ದು. ಅರ್ಧ ಲ್ಯಾಬ್ರಡಾರ್, ಉಳಿದರ್ಧ ದೇವರಿಗೇ ಗೊತ್ತು. ಕಪ್ಪಗಿದ್ದದ್ದರಿಂದ ಕರಿಯ. ಫ್ರಿಜ್ಜಿನ ಬಾಗಿಲಿಗೆ ಅದರ ವೇಳಾಪಟ್ಟಿ ಅಂಟಿಸಿದ್ದರು: ಬೆಳಿಗ್ಗೆ ಆರೂವರೆಗೆ ಒಂದು ಸುತ್ತು, ಸಂಜೆ ಆರಕ್ಕೆ ಒಂದು ಸುತ್ತು. ಹೊರಗೆ ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗಿದ್ದ ದಿನವೂ ಅಳಿಯಂದಿರು ಒಂದರ ಮೇಲೊಂದು ಕೋಟು ಹಾಕಿಕೊಂಡು, ನಾಯಿಗೂ ಅಂಗಿ ತೊಡಿಸಿ, ಗೊಣಗದೆ ಹೊರಡುತ್ತಿದ್ದರು. ಒಂದು ದಿನ ಮಗಳನ್ನು ಕೇಳಿದೆ, ಇಂಥ ಚಳಿಯಲ್ಲಿ ಅದನ್ನು ಹೊರಗೆ ಕರೆದೊಯ್ಯಲೇಬೇಕೆ ಎಂದು. "ಒಳಗೇ ಇದ್ದರೆ ಅದಕ್ಕೆ ಹುಚ್ಚು ಹಿಡಿಯುತ್ತೆ ಅಮ್ಮ" ಎಂದಳು.

"ನಾಯಿಗೆ ಮಾತ್ರವೆ?" ಎಂದೆ.

ಅವಳು ಮೊದಲು ನಕ್ಕಳು, ಆಮೇಲೆ ಸುಮ್ಮನಾದಳು. ಆ ಶನಿವಾರ ನನ್ನನ್ನು ಬೂಟಿನ ಅಂಗಡಿಗೆ ಕರೆದುಕೊಂಡು ಹೋದಳು. ನನ್ನ ಜಗಳವೆಲ್ಲ ಇಷ್ಟೇ, ಇದಕ್ಕಿಂತ ದೊಡ್ಡ ತತ್ತ್ವ ನನ್ನಲ್ಲಿಲ್ಲ: ನಾಯಿಗೆ ದಿನಕ್ಕೆರಡು ಸಲ ಆಕಾಶ ಕಾಣಬೇಕು ಎಂದು ಒಪ್ಪುವ ಮನೆ, ಅಮ್ಮನ ವಿಷಯದಲ್ಲೂ ಅದನ್ನು ಒಪ್ಪಬೇಕು. ನಾಯಿ ಬಾಗಿಲ ಬಳಿ ನಿಂತು ಕುಂಯ್ ಎನ್ನುತ್ತದೆ. ಅಮ್ಮಂದಿರು ಅನ್ನುವುದಿಲ್ಲ. ಕೇಳದಿರುವುದನ್ನೇ ನಮಗೆ ಒಳ್ಳೆಯತನ ಎಂದು ಕಲಿಸಿದ್ದಾರೆ, ನಾವೂ ನಮ್ಮ ಹೆಣ್ಣುಮಕ್ಕಳಿಗೆ ಅದನ್ನೇ ಕಲಿಸಿದ್ದೇವೆ.

ನಾವು ಹೋದ ಬೆಟ್ಟದ ಹೆಸರು ಮೌಂಟ್ ಪಿಯರ್ಸ್, ವೈಟ್ ಮೌಂಟನ್ಸ್ ಎಂಬ ಪರ್ವತಶ್ರೇಣಿಯಲ್ಲಿದೆ. ಎತ್ತರ ಸುಮಾರು 1314 ಮೀಟರು. ನಮ್ಮ ಕೊಡಚಾದ್ರಿ 1343. ಅಂದರೆ ಹಿಮಾಲಯವೇನೂ ಅಲ್ಲ, ಕೊಡಚಾದ್ರಿಗೆ ಬಿಳಿ ಬಟ್ಟೆ ಉಡಿಸಿದ ಹಾಗೆ. ಆ ಸಾಲಿನ ಹಲವು ಶಿಖರಗಳಿಗೆ ಅಮೆರಿಕದ ಅಧ್ಯಕ್ಷರ ಹೆಸರು ಇಟ್ಟುಕೊಂಡು ಬಂದಿದ್ದಾರೆ. ಅಧ್ಯಕ್ಷರಾದವರೆಲ್ಲ ಗಂಡಸರೇ ತಾನೆ? ಹತ್ತುವ ದಾರಿಗೆ ಕ್ರಾಫರ್ಡ್ ಪಾತ್ ಎಂದು ಹೆಸರು. ಏಬೆಲ್ ಕ್ರಾಫರ್ಡ್ ಮತ್ತು ಅವನ ಮಗ ಈಥನ್ 1819ರಲ್ಲಿ ಕಡಿದ ದಾರಿ, ಇವತ್ತಿಗೂ ಜನ ನಡೆಯುತ್ತಾರೆ. ಬುಡದಿಂದ ಶಿಖರಕ್ಕೆ ಐದು ಕಿಲೋಮೀಟರು.

ಕಾಲಿಗೆ ಕಟ್ಟಿಕೊಂಡ ಆ ಮೊರದಂಥದ್ದು ಸ್ನೋಶೂ. ಮೆತ್ತನೆಯ ಹಿಮದ ಮೇಲೆ ಬರೀ ಬೂಟಿನಲ್ಲಿ ನಡೆದರೆ ತೊಡೆಯವರೆಗೆ ಹೂತುಹೋಗುತ್ತೀರಿ. ದೇಹದ ಭಾರವನ್ನು ಅಗಲಕ್ಕೆ ಹರಡಿದರೆ ಹೂಳುವುದಿಲ್ಲ, ಅದೇ ಅದರ ಗುಟ್ಟು. ಈಗಿನವು ಅಲ್ಯೂಮಿನಿಯಮ್, ಪ್ಲಾಸ್ಟಿಕ್ಕಿನವು. ಅಡಿಯಲ್ಲಿ ಹಿಡಿತಕ್ಕೆ ಕಬ್ಬಿಣದ ಹಲ್ಲು. ಮೂಲದಲ್ಲಿ ಇದು ಉತ್ತರ ಅಮೆರಿಕದ ಮೂಲನಿವಾಸಿಗಳದ್ದು: ಬಗ್ಗಿಸಿದ ಮರದ ಚೌಕಟ್ಟು, ನಡುವೆ ಹಸಿ ತೊಗಲಿನ ದಾರದ ಹೆಣಿಗೆ. ಕ್ರೀ, ಇನ್ನು ಎಂಬ ಜನಾಂಗಗಳಲ್ಲಿ ಚೌಕಟ್ಟು ಬಗ್ಗಿಸುವುದು ಗಂಡಸರ ಕೆಲಸ, ಜಾಲ ಹೆಣೆಯುವುದು ಹೆಂಗಸರ ಕೆಲಸ ಎಂದಿತ್ತು. ಹೆಣಿಗೆ ಬಿಗಿಯಿಲ್ಲದಿದ್ದರೆ ಬೇಟೆಗಾರ ಅರ್ಧ ದಾರಿಯಲ್ಲಿ ಹೂತುಹೋಗುತ್ತಿದ್ದ. ಕಥೆಗಳೆಲ್ಲ ಮಾತ್ರ ಬೇಟೆಗಾರನವು.

ನಡಿಗೆ ಕಷ್ಟವೆ? ಕೆಸರುಗದ್ದೆಯಲ್ಲಿ ನಟ್ಟಿ ಮಾಡಿದ ಹೆಂಗಸಿಗೆ ಅರ್ಧ ಗಂಟೆಯಲ್ಲಿ ಬರುತ್ತದೆ. ಕಾಲನ್ನು ಎಳೆಯಬಾರದು, ಎತ್ತಿ ಇಡಬೇಕು. ಎರಡು ಕಾಲಿನ ನಡುವೆ ಸ್ವಲ್ಪ ಅಗಲ ಬಿಡಬೇಕು. ಹೈಸ್ಕೂಲು ಮೇಷ್ಟರಾಗಿದ್ದ ನನ್ನ ತಂದೆ ರಜೆಯಲ್ಲಿ ನಮ್ಮನ್ನು ಗದ್ದೆಗೆ ಇಳಿಸುತ್ತಿದ್ದುದು ಹೀಗೆ ಪ್ರಯೋಜನಕ್ಕೆ ಬರುತ್ತದೆಂದು ಯಾರಿಗೆ ಗೊತ್ತಿತ್ತು! ನಿಜವಾದ ತೊಂದರೆ ನಾಯಿಯದು. ನಾವು ಮೆಟ್ಟಿ ಗಟ್ಟಿಮಾಡಿದ ದಾರಿಯಲ್ಲೇ ಬರಬೇಕೆಂದು ಅದು ಸರಿಯಾಗಿ ನಮ್ಮ ಹಿಂದೆ ಬರುತ್ತದೆ, ಬಂದು ಸ್ನೋಶೂವಿನ ಹಿಂಬದಿಯ ಬಾಲದ ಮೇಲೆ ಕಾಲಿಡುತ್ತದೆ. ನೀವು ಹೆಜ್ಜೆ ಎತ್ತುತ್ತೀರಿ, ಕಾಲು ಬರುವುದಿಲ್ಲ, ಮುಖ ಮೊದಲಾಗಿ ಹಿಮಕ್ಕೆ. ಮೂರು ಸಲ ಬಿದ್ದೆ. ಬಿದ್ದಾಗಲೆಲ್ಲ ಕರಿಯ ಬಂದು ಕೆನ್ನೆ ನೆಕ್ಕಿ ಸಮಾಧಾನ ಹೇಳಿದ್ದೂ ಆಯಿತು. ಹತ್ತಿಯ ರಾಶಿಯ ಮೇಲೆ ಬಿದ್ದ ಹಾಗೆ. ನಮ್ಮ ಬಚ್ಚಲುಮನೆಯ ಪಾಚಿಗಿಂತ ಎಷ್ಟೋ ವಾಸಿ.

ಒಂದು ಗಂಟೆ ನಡೆದ ಮೇಲೆ ಸದ್ದು ನಿಂತಿತು. ಹಿಮ ಹೊತ್ತ ಸ್ಪ್ರೂಸ್ ಮರಗಳು ಎರಡೂ ಕಡೆ, ನಡುವೆ ನಮ್ಮ ಉಸಿರು, ನಾಯಿಯ ಕೊರಳಪಟ್ಟಿಯ ಬಿಲ್ಲೆಯ ಕಿಣಿಕಿಣಿ. ಬೂದು ಬಣ್ಣದ ಹಕ್ಕಿಯೊಂದು ಬಂದು ಅಂಗೈ ಮೇಲೇ ಕೂತು ಗೋಡಂಬಿ ಎತ್ತಿಕೊಂಡು ಹೋಯಿತು. ನಲವತ್ತು ವರ್ಷದ ಸಂಸಾರದಲ್ಲಿ, ಮೂವತ್ತೆರಡು ವರ್ಷದ ಮೇಷ್ಟರಿಕೆಯಲ್ಲಿ, ಯಾರಿಗೂ ಏನನ್ನೂ ಮಾಡಿಕೊಡಬೇಕಾಗಿಲ್ಲದ ಇಂಥ ಒಂದು ಬೆಳಗು ನನಗೆ ನೆನಪಿಲ್ಲ. "ಯಾಕೆ ಬೇಕಿತ್ತು" ಎಂದವರಿಗೆ ಕೊಡಲು ನನ್ನ ಬಳಿ ಇರುವ ಉತ್ತರ ಇದೊಂದೇ. ಇದು ಅವರಿಗೆ ಸಾಲದಿದ್ದರೆ ಬೇಡ.

ಶಿಖರ ಮುಟ್ಟಲಿಲ್ಲ. ಮರಗಳು ಕುಳ್ಳಗಾಗುತ್ತಾ ಬಂದು ಮುಗಿಯುವ ಜಾಗ, ಅಲ್ಲಿಂದಾಚೆ ಬಯಲು, ಗಾಳಿ. ಶಿಖರ ಇನ್ನು ಕೆಲವು ನೂರು ಹೆಜ್ಜೆ. ಕರಿಯನ ನಾಲ್ಕು ಕಾಲುಚೀಲಗಳಲ್ಲಿ ಒಂದು ದಾರಿಯಲ್ಲೆಲ್ಲೋ ಕಳಚಿ, ಬೆರಳುಗಳ ನಡುವೆ ಮಂಜಿನ ಗೋಲಿಗಳು ಕಟ್ಟಿದ್ದವು. ಬಿಡಿಸಿದರೂ ಮತ್ತೆ ಕಟ್ಟಿದವು. ಅದು ಕಾಲನ್ನು ಎತ್ತಿ ಎತ್ತಿ ಇಡತೊಡಗಿತು, ನಡುಗತೊಡಗಿತು. ಮಗಳು ನನ್ನ ಮುಖ ನೋಡಿದಳು, ನಾನು ನಾಯಿಯ ಮುಖ ನೋಡಿದೆ, ಮೂವರೂ ತಿರುಗಿದೆವು. ಊರಿನಲ್ಲಿ ಇದಕ್ಕೂ ಟೀಕೆ ಬಂತು: "ಅಷ್ಟು ದೂರ ಹೋಗಿ ತುದಿ ಮುಟ್ಟದೆ ಬಂದರಂತೆ!" ಹರಕೆಯಾಗಿದ್ದರೆ ತುದಿ ಮುಟ್ಟಲೇಬೇಕಿತ್ತು, ತೀರಿಸದಿದ್ದರೆ ದೋಷ. ನಾನು ಯಾರಿಗೂ ಹರಕೆ ಹೊತ್ತಿರಲಿಲ್ಲವಲ್ಲ.

ಈಗ ನಾಯಿಯ ವಕೀಲರ ಮಾತಿಗೆ ಬರುತ್ತೇನೆ. ಫೋಟೊಕ್ಕಾಗಿ ನಾಯಿಯನ್ನು ಬೆಟ್ಟಕ್ಕೆ ಎಳೆದೊಯ್ಯುವವರು ಇದ್ದಾರೆ, ಅಂಥವರ ಮೇಲೆ ನನಗೆ ಸಿಟ್ಟಿದೆ. ಅದಕ್ಕೆ ಚಳಿಯಾಗುತ್ತದೆ, ಅದರ ಅಂಗಾಲು ಸೀಳುತ್ತದೆ, ಬಾಯಾರಿ ಹಿಮ ತಿನ್ನುತ್ತದೆ. ಅಂಗಾಲಿಗೆ ಮೇಣ ಸವರಬೇಕು, ಕುಡಿಯಲು ನೀರು ಹೊರಬೇಕು, ನಡುಗಿದರೆ ಹಿಂದಿರುಗಬೇಕು. ಟಾಮ್ ರಯಾನ್ ಎಂಬ ಪತ್ರಕರ್ತ ತನ್ನ ಪುಟ್ಟ ನಾಯಿ ಆಟಿಕಸ್ ಜೊತೆ ಇದೇ ವೈಟ್ ಮೌಂಟನ್ಸ್‌ನ ನಾಲ್ಕು ಸಾವಿರ ಅಡಿ ಮೀರಿದ 48 ಶಿಖರಗಳನ್ನು ಒಂದೇ ಚಳಿಗಾಲದ 90 ದಿನದಲ್ಲಿ ಎರಡೆರಡು ಸಲ ಹತ್ತಲು ಹೊರಟಿದ್ದ. 81ಕ್ಕೆ ನಿಂತಿತು. 2011ರಲ್ಲಿ ಅವನು ಬರೆದ ಪುಸ್ತಕದ ಹೆಸರು 'ಫಾಲೋಯಿಂಗ್ ಆಟಿಕಸ್', ಅಂದರೆ ಆಟಿಕಸ್‌ನ ಹಿಂದೆ ಹಿಂದೆ. ಮುಂದೆ ಹೋದದ್ದು ನಾಯಿ. ಅದನ್ನು ಓದಿ ತಮ್ಮ ನಾಯಿಯ ಕೊರಳಿಗೆ ಹಗ್ಗ ಬಿಗಿದು ಹೊರಟವರು ಹೆಸರನ್ನೂ ಸರಿಯಾಗಿ ಓದಲಿಲ್ಲವೇನೋ. ಇರಲಿ. ನನಗೆ ಮೋಜೆನಿಸುವುದು ಬೇರೆ: ನಡುವಯಸ್ಸಿನ ಗಂಡಸು ನಾಯಿಯ ಜೊತೆ ಹಿಮದ ಬೆಟ್ಟ ಹತ್ತಿ, ಎಣಿಸಿದ್ದು ಪೂರೈಸದೆ ಬಂದರೆ ಪುಸ್ತಕವಾಗುತ್ತದೆ, ಜನ ಕಣ್ಣು ಒರೆಸಿಕೊಂಡು ಓದುತ್ತಾರೆ. ಅಜ್ಜಿ ಹೋದರೆ ವಾಟ್ಸಾಪಿನಲ್ಲಿ ಪಂಚಾಯಿತಿ.

ಇದು ನಮ್ಮೂರಿನ ರೋಗ ಮಾತ್ರ ಎಂದುಕೊಳ್ಳಬೇಡಿ. ನಾವು ನಡೆದ ದಾರಿ ಕಡಿದ ಈಥನ್ ಕ್ರಾಫರ್ಡನ ಹೆಂಡತಿ ಲೂಸಿ. ಬೆಟ್ಟ ನೋಡಲು ಬಂದವರಿಗೆಲ್ಲ ಬೇಯಿಸಿ ಬಡಿಸಿದವಳು ಅವಳು. ಆ ಬೆಟ್ಟಗಳ ಇತಿಹಾಸವನ್ನು ಬರೆದು 1846ರಲ್ಲಿ ಪ್ರಕಟಿಸಿದವಳೂ ಅವಳೇ. ಆದರೆ ಪುಸ್ತಕದ ತುಂಬ ಬರುವ "ನಾನು" ಅವಳಲ್ಲ, ಗಂಡ! ತಾನು ಬರೆದ ಪುಸ್ತಕದಲ್ಲಿ ತಾನೇ "ನನ್ನ ಹೆಂಡತಿ" ಆಗಿ ಬಂದುಹೋಗುತ್ತಾಳೆ. 1821ರಲ್ಲಿ ಆಸ್ಟಿನ್ ಎಂಬ ಮನೆತನದ ಮೂವರು ಅಕ್ಕತಂಗಿಯರು ಅಲ್ಲಿನ ಅತಿ ಎತ್ತರದ ವಾಷಿಂಗ್ಟನ್ ಶಿಖರವನ್ನು ಹತ್ತಿದರು, ಉದ್ದ ಲಂಗ ತೊಟ್ಟುಕೊಂಡು.

ನೂರು ವರ್ಷ ಬಿಟ್ಟು ಮಿರಿಯಂ ಓಬ್ರಿಯನ್ ಬಂದಳು. 1929ರಲ್ಲಿ ಆಲಿಸ್ ಡಾಮೆಸ್ಮ್ ಎಂಬ ಗೆಳತಿಯೊಬ್ಬಳನ್ನೇ ಜೊತೆ ಮಾಡಿಕೊಂಡು ಆಲ್ಪ್ಸ್‌ನ ಗ್ರೆಪಾನ್ ಎಂಬ ಕಡಿದಾದ ಶಿಖರ ಹತ್ತಿದಳು. ಮಾರ್ಗದರ್ಶಿಯೂ ಇಲ್ಲ, ಗಂಡಸೂ ಇಲ್ಲ. ಫ್ರಾನ್ಸಿನ ಆರೋಹಿಯೊಬ್ಬ ಅಂದು ಸಂಜೆ ಮರುಗಿದನಂತೆ: ಇಬ್ಬರು ಹೆಂಗಸರು ಹತ್ತಿಬಿಟ್ಟ ಮೇಲೆ ಗ್ರೆಪಾನ್ ಇಲ್ಲವಾದ ಹಾಗೇ, ಮಾನವಿದ್ದ ಗಂಡಸು ಇನ್ನು ಅದನ್ನು ಹೇಗೆ ಹತ್ತುವುದು ಎಂದು. ಬೆಟ್ಟ ಅಲ್ಲೇ ಇತ್ತು, ಪಾಪ. ಮುಂದೆ ಇದೇ ಮಿರಿಯಂ ಮದುವೆಯಾಗಿ ಮಿರಿಯಂ ಅಂಡರ್‌ಹಿಲ್ ಆದಳು. ಗಂಡ ರಾಬರ್ಟ್ ಜೊತೆ ವೈಟ್ ಮೌಂಟನ್ಸ್‌ನ ಆ ಎತ್ತರದ ಶಿಖರಗಳನ್ನೆಲ್ಲ ಚಳಿಗಾಲದಲ್ಲೇ ಹತ್ತಿ ಮುಗಿಸಿದಳು. ಹಾಗೆ ಮುಗಿಸಿದವರಲ್ಲಿ ಅವರಿಬ್ಬರೇ ಮೊದಲಿಗರು. ಕೊನೆಯದನ್ನು ಹತ್ತಿದ್ದು 1960ರ ಡಿಸೆಂಬರ್ 23ರಂದು. ಅವಳು ಹುಟ್ಟಿದ್ದು 1898ರಲ್ಲಿ. ಲೆಕ್ಕ ಹಾಕಿಕೊಳ್ಳಿ, ಅವಳಿಗೂ ಅರವತ್ತೆರಡು. ನಾದಿನಿಗೆ ಇದನ್ನು ಬರೆದು ಕಳಿಸಿದೆ. "ಅವರಿಗೆ ಅಭ್ಯಾಸ ಇರುತ್ತೆ ಅತ್ತಿಗೆ" ಎಂದು ಉತ್ತರ ಬಂತು. ಹೌದು, ಅಭ್ಯಾಸ. ಅದು ಬಾಗಿಲೊಳಗೆ ಕೂತರೆ ಬರುವಂಥದ್ದಲ್ಲ.

ಅಪಾಯವಿಲ್ಲವೆ ಎಂದು ಕೇಳುವವರನ್ನು ಮಾತ್ರ ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಆ ಬೆಟ್ಟಗಳು ಜನರನ್ನು ಕೊಂದಿವೆ. ನಾವು ಹೋಗುವುದಕ್ಕೆ ಒಂದು ತಿಂಗಳ ಹಿಂದೆ, 2023ರ ಫೆಬ್ರವರಿ 3ರ ರಾತ್ರಿಯ ಹೊತ್ತಿಗೆ, ಪಕ್ಕದ ವಾಷಿಂಗ್ಟನ್ ಶಿಖರದಲ್ಲಿ ಶೀತ ಸೊನ್ನೆಗಿಂತ 44 ಡಿಗ್ರಿ ಕೆಳಗಿಳಿದಿತ್ತು. ಗಾಳಿ ಸೇರಿ ಚರ್ಮಕ್ಕೆ 78ರಷ್ಟು ಕೆಳಗೆ. ಅಂಥ ದಿನ ಹೋಗುವವರು ಮೂರ್ಖರು. ಆ ಶಿಖರದ ಮೇಲೊಂದು ಹವಾಮಾನ ಕೇಂದ್ರವಿದೆ. ದಿನವೂ ಬೆಳಿಗ್ಗೆ ಅವರು ಕೊಡುವ ಮುನ್ಸೂಚನೆ ನೋಡಿ, ಗಾಳಿ ಕಡಿಮೆ ಇದ್ದ ದಿನವನ್ನು ಮಗಳು ಆರಿಸಿದಳು. ಬೆಟ್ಟದಲ್ಲಿ ಸಿಕ್ಕಿಕೊಂಡವರನ್ನು ಕೆಳಗೆ ತರುವ ಹೊಣೆ ಆ ರಾಜ್ಯದ ಮೀನು ಮತ್ತು ಬೇಟೆ ಇಲಾಖೆಯದು. ಅಜಾಗರೂಕತೆಯಿಂದ ಸಿಕ್ಕಿಕೊಂಡವರಿಂದ ಖರ್ಚು ವಸೂಲು ಮಾಡಲು ಅಲ್ಲಿ ಕಾನೂನೇ ಇದೆ. ಒಳ್ಳೆಯ ಕಾನೂನು. ಎಚ್ಚರ ಬೇರೆ, ಹೆದರಿಕೆ ಬೇರೆ. ಹೆಣ್ಣುಮಕ್ಕಳಿಗೆ ನಾವು ಎರಡನೆಯದನ್ನು ಹೊಟ್ಟೆ ತುಂಬ ಬಡಿಸಿ, ಮೊದಲನೆಯದನ್ನು ಕಲಿಸುವುದನ್ನೇ ಮರೆತಿದ್ದೇವೆ.

"ಅಮ್ಮ ಬಿದ್ದು ಕಾಲು ಮುರಿದುಕೊಂಡರೆ ಆಸ್ಪತ್ರೆಯ ಬಿಲ್ಲು ಯಾರು ಕಟ್ಟುತ್ತಾರೆ?" ಎಂಬುದು ಮಕ್ಕಳ ಮಾತು. ನ್ಯಾಯವಾದ ಪ್ರಶ್ನೆ, ಅಲ್ಲಿನ ಬಿಲ್ಲು ಕಂಡರೆ ಮುರಿಯದ ಕಾಲೂ ನಡುಗುತ್ತದೆ. ಪ್ರಯಾಣಿಕರ ವಿಮೆ ಮಾಡಿಸುವಾಗಲೇ ಇದು ಸೇರುತ್ತದೆಯೇ ಎಂದು ಕೇಳಿ. ಆದರೆ ಮಕ್ಕಳೇ, ಅಮ್ಮ ಬಟ್ಟೆಯ ಬುಟ್ಟಿ ಹೊತ್ತು ನಿಮ್ಮ ನೆಲಮಾಳಿಗೆಯ ಕಡಿದಾದ ಮೆಟ್ಟಿಲನ್ನು ದಿನಕ್ಕೆ ನಾಲ್ಕು ಸಲ ಇಳಿದು ಹತ್ತುವಾಗ ಈ ಪ್ರಶ್ನೆ ನಿಮಗೆ ಯಾಕೆ ಹೊಳೆಯುವುದಿಲ್ಲ? ಅಲ್ಲಿ ಕಾಲಿಗೆ ಕಬ್ಬಿಣದ ಹಲ್ಲೂ ಇಲ್ಲ.

ಬಚೇಂದ್ರಿ ಪಾಲ್ 1984ರಲ್ಲಿ ಎವರೆಸ್ಟ್ ಹತ್ತಿದಾಗ ನಾವೆಲ್ಲ ಶಾಲೆಗಳಲ್ಲಿ ಚಪ್ಪಾಳೆ ತಟ್ಟಿಸಿದೆವು, ನಾನೇ ತಟ್ಟಿಸಿದ್ದೇನೆ. ಪದಕ ಬರುವುದಾದರೆ, ದೇಶಕ್ಕೆ ಹೆಸರು ಬರುವುದಾದರೆ ಹೆಣ್ಣು ಬೆಟ್ಟ ಹತ್ತಬಹುದು. ಕೊಡಚಾದ್ರಿಗೂ ಹತ್ತಬಹುದು, ಮೂಕಾಂಬಿಕೆಯ ದರ್ಶನ ಮುಗಿಸಿ, ಸರ್ವಜ್ಞಪೀಠಕ್ಕೆ ಕೈಮುಗಿಯಲು. ದೇವರಿಗಾಗಿ, ದೇಶಕ್ಕಾಗಿ, ಡಾಕ್ಟರಿಗಾಗಿ. ತನಗಾಗಿ ಎಂಬುದು ಮಾತ್ರ ಪಟ್ಟಿಯಲ್ಲಿಲ್ಲ. ನಿಮ್ಮಲ್ಲಿ ಎಷ್ಟೋ ಮಂದಿಗೆ ಅಮೆರಿಕವೂ ಇಲ್ಲ, ಹಿಮವೂ ಇಲ್ಲ, ಇದೆಲ್ಲ ಇದ್ದವರ ಜಗಳ ಎನ್ನಿಸಬಹುದು. ಆದರೆ ಕೆರೆ ಏರಿ ಎಲ್ಲ ಊರಲ್ಲೂ ಇದೆ, ಎದುರುಮನೆಯವರೂ ಇದ್ದಾರೆ.

ಈ ಚಳಿಗಾಲದಲ್ಲಿ ಬಾಣಂತನಕ್ಕೆ ಹೊರಟ ತಾಯಂದಿರು ಯಾರಾದರೂ ಇದನ್ನು ಓದುತ್ತಿದ್ದರೆ ನಾಲ್ಕು ಮಾತು. ಅಂಟಿನುಂಡೆಯ ಪಕ್ಕದಲ್ಲಿ ಎರಡು ಜೊತೆ ಉಣ್ಣೆಯ ಕಾಲುಚೀಲ ಇಟ್ಟುಕೊಳ್ಳಿ. ಮೈಗೆ ತಾಗುವ ಬಟ್ಟೆ ಹತ್ತಿಯದು ಬೇಡ. ಬೆವರಿಗೆ ಒದ್ದೆಯಾದರೆ ಒಣಗುವುದಿಲ್ಲ, ಒಳಗಿನಿಂದ ಶೀತ ಹತ್ತುತ್ತದೆ. ಒಂದು ದಪ್ಪ ಕೋಟಿಗಿಂತ ಮೂರು ತೆಳು ಬಟ್ಟೆ ಮೇಲು, ಏರುವಾಗ ಒಂದೊಂದೇ ಬಿಚ್ಚಬಹುದು. ಸ್ನೋಶೂ ಕೊಳ್ಳಬೇಡಿ, ದಿನದ ಬಾಡಿಗೆಗೆ ಕೊಡುವ ಅಂಗಡಿಗಳಿವೆ. ಬೂಟು ಮಾತ್ರ ನಿಮ್ಮದೇ ಇರಲಿ. ಅದನ್ನು ಕೊಳ್ಳಲು ಹೋಗುವಾಗ ಆ ಉಣ್ಣೆಯ ಕಾಲುಚೀಲ ಹಾಕಿಕೊಂಡೇ ಹೋಗಿ, ಬೆರಳು ಆಡಿಸಲು ಜಾಗ ಇದೆಯೇ ಎಂದು ಅಂಗಡಿಯಲ್ಲೇ ನಾಲ್ಕು ಹೆಜ್ಜೆ ನಡೆದು ನೋಡಿ. ಮಗಳು "ಯಾವ ಬಣ್ಣ ಬೇಕಮ್ಮ?" ಎಂದರೆ "ಯಾವುದಾದರೂ ಆದೀತು" ಎನ್ನಬೇಡಿ, ಬಣ್ಣ ಹೇಳಿ.